ಕರಡಿಗೆ ಬಿಚ್ಚಿದ ಸದ್ದು

ನಂಜಪ್ಪನವರು ತೀರಿಕೊಂಡು ನಾಲ್ಕು ವರ್ಷ ತುಂಬಿದ ದಿನ, ಕಣಕಟ್ಟೆಯ ಮನೆಯಲ್ಲಿ ಪೂಜೆ ಮುಗಿದು ಐನೋರು ಊಟಕ್ಕೆ ಕೂರುವ ಮೊದಲು, ಗುರುಸಿದ್ದಮ್ಮ ದೇವರ ಕೋಣೆಯಿಂದ ಕರವಸ್ತ್ರದ ಒಂದು ಗಂಟು ತಂದರು. ಒಳಗೆ ಏನಿದೆಯೆಂದು ಮಗಳು ಮೇಘಶ್ರೀಗೆ ಬಿಚ್ಚುವ ಮೊದಲೇ ತಿಳಿಯಿತು. ಅಪ್ಪಾಜಿಯ ಬೆಳ್ಳಿ ಕರಡಿಗೆ. ನಲವತ್ತು ವರ್ಷ ಅವರ ಎದೆಯ ಮೇಲೆ ತೂಗಾಡಿದ್ದು. ಅದರೊಳಗಿದ್ದ ಲಿಂಗ ಅವರ ಅಂಗೈಯಲ್ಲೇ ಅವರ ಜೊತೆ ಮಣ್ಣಿಗೆ ಹೋಗಿತ್ತು. ಕರಡಿಗೆ ಮಾತ್ರ ಉಳಿದಿತ್ತು.

"ತಗಾ ಮಗ," ಎಂದು ಅವರು ಅದನ್ನು ಚನ್ನೇಶನ ಮುಂದೆ ಹಿಡಿದರು. "ಇನ್ನೂ ಎಷ್ಟ್ ದಿನ ಅಂತ ಲಿಂಗಾನ ಬಟ್ಟೇಲಿ ಕಟ್ಕಂಡ್ ತಿರುಗ್ತೀಯ. ನಾಕು ವರ್ಷ ಆಯ್ತು ನೀನು ಆ ಮಾತ್ರೆ ಸಾವಾಸ ಬಿಟ್ಟು. ನಿಮ್ಮಪ್ಪ ಇದ್ದಿದ್ರೆ ಅವರೇ ಕೊಡೋರು."

ಚನ್ನೇಶ ನಶೆಯ ಮಾತ್ರೆ ಬಿಡಿಸುವ ಕೇಂದ್ರದಿಂದ ವಾಪಸ್ಸು ಬಂದಾಗ ಅವನ ಕೊರಳಲ್ಲಿ ಬೆಳ್ಳಿ ಇರಲಿಲ್ಲ, ಬಿಳಿ ಬಟ್ಟೆಯ ಗಂಟಿತ್ತು. ಕರಡಿಗೆಯನ್ನೂ ಮಾರಿಕೊಂಡು ನುಂಗಿದ ಎಂದು ಊರು ಆಡಿಕೊಂಡಿತು. ಅವನು ಅಲ್ಲವೆನ್ನಲಿಲ್ಲ.

ಈಗಲೂ ಅವನು ಬೇಡವೆನ್ನಲಿಲ್ಲ. ಕೊರಳಿನ ಬಟ್ಟೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡ. ಬಲಗೈಯಲ್ಲಿ ಕರಡಿಗೆ ಹಿಡಿದು ಹೆಬ್ಬೆರಳಿನಿಂದ ಮುಚ್ಚಳ ತಿರುವಿದ. ಟಕ್ ಎಂದಿತು.

ಅಷ್ಟೇ ಸದ್ದು. ಅವನ ಮುಖದ ಬಣ್ಣ ಹೋಯಿತು. ಕರಡಿಗೆಯನ್ನು ಮಣೆಯ ಮೇಲೆ ಇಟ್ಟವನೇ ಎಡಗೈ ಮುಷ್ಟಿ ಬಿಗಿದುಕೊಂಡು ಎದ್ದು, ಯಾರ ಕಡೆಗೂ ನೋಡದೆ, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ನಡೆದುಬಿಟ್ಟ.

"ನೋಡಿದ್ಯೇನಕ್ಕ," ಎಂದರು ಸೋದರಮಾವ ಇಂದುಧರ, ಎಲೆಯ ಮುಂದೆ ಕೂತಲ್ಲಿಂದಲೇ. "ಲಿಂಗ ಕಟ್ಕಳಕ್ಕೆ ಮೈ ನಡುಗ್ತದೆ ಅಂದ್ರೆ ಏನರ್ಥ? ಮತ್ತೆ ಶುರು ಹಚ್ಕಂಡವ್ನೆ. ಶುದ್ಧ ಇಲ್ದೋನಿಗೆ ಅದನ್ನ ಮುಟ್ಟಕ್ಕೆ ಧೈರ್ಯ ಬರಕಿಲ್ಲ."

ಗುರುಸಿದ್ದಮ್ಮ ಬಾಯಿಗೆ ಸೆರಗು ಹಿಡಿದುಕೊಂಡರು. ಆ ಸೆರಗಿನಲ್ಲಿ ಮರೆಯದಿರಲೆಂದು ಹಾಕಿದ ಮೂರು ಗಂಟುಗಳಿದ್ದವು: ಐನೋರ ದಕ್ಷಿಣೆಗೊಂದು, ಪಕ್ಕದ ಮನೆಗೆ ಕಳಿಸಬೇಕಾದ ಹೋಳಿಗೆಗೊಂದು, ಮೋಟರು ಆರಿಸುವುದಕ್ಕೊಂದು. ನಾಲ್ಕು ವರ್ಷದಿಂದ ಅವರಿಗೆ ಈ ಅಭ್ಯಾಸ. ನಂಜಪ್ಪನವರ ಕಡೆಗಾಲದಲ್ಲಿ ಡಾಕ್ಟರು ತಿಂಗಳಿಗೆಂದು ಬರೆದುಕೊಟ್ಟ ನೋವಿನ ಮಾತ್ರೆ ಹದಿನೈದು ದಿನಕ್ಕೇ ಮುಗಿದುಹೋಗಿತ್ತು. ಮತ್ತೆ ಬರೆಸಿಕೊಂಡು ಬರುವಷ್ಟರಲ್ಲಿ ಅವರು ಗೋಡೆಯ ಕಡೆ ತಿರುಗಿ, ಹಲ್ಲು ಕಚ್ಚಿಕೊಂಡೇ ಹೋಗಿದ್ದರು. "ನನ್ನ ಹಾಳು ಮರೆವು, ಎಲ್ಲಿಟ್ನೋ, ಎರಡೆರಡು ಕೊಟ್ನೋ," ಎಂದು ಗುರುಸಿದ್ದಮ್ಮ ಬಂದವರ ಮುಂದೆಲ್ಲ ಅತ್ತಿದ್ದರು. ಮಾರನೆಯ ದಿನದಿಂದ ಸೆರಗಿಗೆ ಗಂಟು ಬಿತ್ತು.

ಮೇಘಶ್ರೀ ಕಂಬ ಹಿಡಿದು ನಿಂತಿದ್ದಳು. ನಾಲ್ಕು ಜನರ ಮುಂದೆ ದನಿ ಎತ್ತಿದವಳಲ್ಲ. ಆ ಮಾತ್ರೆಗಳು ಎಲ್ಲಿಗೆ ಹೋದವು ಎಂದು ಆ ಮನೆಯಲ್ಲಿ ಬಲ್ಲವಳು ಅವಳೊಬ್ಬಳೇ. ಅಪ್ಪಾಜಿ ನರಳುತ್ತಿದ್ದ ಒಂದು ಮಧ್ಯಾಹ್ನ, ಮೈಮರೆತು ಮಲಗಿದ್ದ ಅಣ್ಣನ ಪಕ್ಕ ಅವನ ಕರಡಿಗೆ ಬಿದ್ದಿತ್ತು. ದೇವರ ಮುಂದಿಡೋಣವೆಂದು ಎತ್ತಿಕೊಂಡರೆ ಒಳಗೆ ಏನೋ ಗಲಗಲ ಅಂದಿತು. ತೆರೆದಳು. ಲಿಂಗ ಇರಲಿಲ್ಲ, ಮಾತ್ರೆಗಳಿದ್ದವು. ಮುಚ್ಚಿದಳು. ಇದ್ದಲ್ಲೇ ಇಟ್ಟಳು. ಹೇಳಲಿಲ್ಲ.

ಅವಳು ಅಣ್ಣನ ಹಿಂದೆ ಓಡಿದಳು.

ಚನ್ನೇಶ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲಿದ್ದ. ಬೆವರು ಕಿವಿಯಿಂದ ಇಳಿಯುತ್ತಿತ್ತು. ಎಡಗೈ ಮುಷ್ಟಿ ಹಾಗೇ ಬಿಗಿದಿತ್ತು. ಮೇಘಶ್ರೀ ಆ ಮುಷ್ಟಿಯನ್ನೇ ನೋಡಿದಳು. ಅವಳು ಏನು ಯೋಚಿಸುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು. ನಿಧಾನವಾಗಿ ಬೆರಳು ಬಿಡಿಸಿದ. ಅಂಗೈಯಲ್ಲಿ ಲಿಂಗವಿತ್ತು, ಬೆವರಿಗೆ ಒದ್ದೆಯಾಗಿ.

"ನೆಲಕ್ಕೆ ಮುಟ್ಟಬಾರ್ದಲ್ಲ, ಹಿಡ್ಕೊಂಡೇ ಬಂದ್ಬಿಟ್ಟೆ," ಎಂದ.

ಅವಳಿಗೆ ನಾಚಿಕೆಯಾಯಿತು. ಪಕ್ಕದಲ್ಲಿ ಕೂತಳು.

"ಮನೇಲಿ ಏನಂತಿದಾರೆ?"

"ಮಾವ ಏನೋ ಅಂದ್ರು."

"ಅನ್ನಲಿ ಬಿಡು. ಏನಂದಿರ್ತಾರೆ ಅಂತ ಗೊತ್ತು, ಪೂರ್ತಿ ಸುಳ್ಳಲ್ಲ." ಅವನು ರಸ್ತೆ ನೋಡುತ್ತ ಹೇಳಿದ. "ನಾಕು ವರ್ಷದಲ್ಲಿ ಅರಸೀಕೆರೆ ಮೆಡಿಕಲ್ ಶಾಪ್ ಮುಂದೆ ಸಾವಿರ ಸಲ ಓಡಾಡಿದೀನಿ ಮೇಘ. ಹಳೇ ಸ್ನೇಹಿತರು ಕರೆದ್ರು. ಏನೂ ಅನ್ನಿಸ್ಲಿಲ್ಲ. ಇವತ್ತು ಆ ಟಕ್ ಅನ್ನೋದೊಂದು ಕೇಳಿಸ್ತು ನೋಡು. ನಾಲಿಗೆ ಮೇಲೆ ಆ ಕಹಿ ಬಂತು. ಅಪ್ಪಾಜಿ ದಿನ. ದುಃಖ ಬರಬೇಕಿತ್ತು. ಆಸೆ ಬಂತು."

ಅರಸೀಕೆರೆಯ ಬಸ್ಸು ಬಂದು ನಿಂತಿತು. "ಹತ್ತೋದಾದ್ರೆ ಹತ್ತಣ್ಣ, ಪೂಜೆ ಆಮೇಲ್ ಮಾಡೀವಂತೆ," ಎಂದ ಕಂಡಕ್ಟರ್, ಅಂಗೈಯ ಲಿಂಗ ನೋಡಿ. ಚನ್ನೇಶ ಬಲಗೈಯಿಂದ ತಂಗಿಯ ಮಣಿಕಟ್ಟು ಹಿಡಿದುಕೊಂಡ. ಬಳೆ ಒತ್ತಿ ನೋವಾಯಿತು. ಬಸ್ಸು ಹೋಗುವವರೆಗೂ ಅವನು ಬಿಡಲಿಲ್ಲ, ಅವಳು ಬಿಡಿಸಿಕೊಳ್ಳಲಿಲ್ಲ.

"ಉಮೇಶಂಗೆ ಫೋನ್ ಮಾಡು," ಎಂದ ಆಮೇಲೆ.

ಬೇಲೂರಿನ ಉಮೇಶ ಅದೇ ಕೇಂದ್ರದಲ್ಲಿ ಅವನ ಪಕ್ಕದ ಹಾಸಿಗೆಯವನು. ಹೆಚ್ಚೇನೂ ಕೇಳಲಿಲ್ಲ. "ಒಬ್ನೇ ಇರಬೇಡ ಕಣ್ಲಾ. ಮನೆ ಹತ್ರ ಹೋಗಿ ಕೂತ್ಕೊ. ಬೈಕ್ ತೆಗೀತಿದೀನಿ. ಜಾವಗಲ್ ಬಂದ ಮೇಲೆ ಮತ್ತೆ ಮಾತಾಡ್ತೀನಿ, ಫೋನ್ ಎತ್ತು," ಎಂದ.

ಎದ್ದು ನಡೆಯುವಾಗ ಮೇಘಶ್ರೀ ನೆಲ ನೋಡುತ್ತ ಹೇಳಿದಳು: "ಅಣ್ಣ, ನಾನು ಅವತ್ತು ನಿನ್ನ ಕರಡಿಗೆ ತೆಗೆದು ನೋಡಿದ್ದೆ."

"ಗೊತ್ತು."

ಅವಳು ನಿಂತಳು.

"ಮುಚ್ಚಳದ ಮೇಲಿನ ನಂದಿ ತಲೆಕೆಳಗಾಗೋ ಹಂಗೆ ಮುಚ್ಚಿದ್ದೆ ನೀನು. ನಾನು ಎಷ್ಟೇ ಅಮಲಲ್ಲಿದ್ರೂ ನಂದೀನ ನೆಟ್ಟಗೆ ಕೂರಿಸ್ತಿದ್ದೆ." ಅವನು ನಗಲು ನೋಡಿದ, ಆಗಲಿಲ್ಲ. "ನೀನು ಹೇಳ್ತೀಯ ಅಂತ ದಿನಾ ಕಾದೆ ಕಣೇ. ಹೇಳ್ಬಿಡ್ಲಿ ಅಂತ್ಲೂ ಇತ್ತು. ಅಪ್ಪಾಜಿ ಹೋದ್ಮೇಲೆ ಆ ಕರಡಿಗೇನ ಮಾರ್ಲಿಲ್ಲ. ಕೆರೆಗೆ ಎಸೆದೆ."

ಅಂಗಳದ ತೆಂಗಿನಕಾಯಿ ರಾಶಿಯ ಪಕ್ಕ ಅವನು ಕೂತ. ಒಳಗೆ ಬರಲು ಒಪ್ಪಲಿಲ್ಲ. "ಆ ಬಟ್ಟೆ ತಂದ್ಕೊಡು, ಸಾಕು."

ಐನೋರ ಊಟ ಮುಗಿದಿತ್ತು. ಮಾವ ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಿದ್ದರು. ಗುರುಸಿದ್ದಮ್ಮ ದೇವರ ಕೋಣೆಯಲ್ಲಿ ತೆರೆದ ಕರಡಿಗೆಯ ಮುಂದೆ ಒಬ್ಬರೇ ಕೂತಿದ್ದರು.

"ಶುರು ಮಾಡ್ಕಂಡವ್ನಾ?"

"ಇಲ್ಲ ಅವ್ವ. ಅಂಗಳದಲ್ಲಿ ಕೂತಿದಾನೆ, ಅವನ ಸ್ನೇಹಿತ ಉಮೇಶ ಬರ್ತಿದಾನೆ." ಮೇಘಶ್ರೀ ಬಟ್ಟೆ ಎತ್ತಿಕೊಂಡಳು. ಹೊರಟುಬಿಡಬಹುದಿತ್ತು. ಅಣ್ಣ ಹೇಳೆನ್ನಲಿಲ್ಲ, ಬೇಡವೆನ್ನಲೂ ಇಲ್ಲ. ತಾಯಿಯ ಬೆರಳು ಸೆರಗಿನ ಗಂಟನ್ನು ಸವರುತ್ತಿತ್ತು. ಅದನ್ನು ನೋಡಿದ ಮೇಲೆ ಅವಳಿಗೆ ಹೊರಡಲಾಗಲಿಲ್ಲ.

"ಅಪ್ಪಾಜಿ ಮಾತ್ರೆ ನೀನು ಕಳೀಲಿಲ್ಲ ಅವ್ವ. ಮರೀಲೂ ಇಲ್ಲ. ಅಣ್ಣ ತಗೊಂಡು ಕರಡಿಗೇಲಿ ಇಟ್ಕೊಂಡಿದ್ದ. ಅದಕ್ಕೇ ಆ ಸದ್ದು ಕೇಳಿದ್ರೆ ಅವನಿಗೆ ಹಂಗಾಗೋದು."

ಗುರುಸಿದ್ದಮ್ಮನ ಬೆರಳು ಗಂಟಿನ ಮೇಲೆ ನಿಂತಿತು. ಆಮೇಲೆ ಕೇಳಿದ್ದು ಮಗನ ಬಗ್ಗೆ ಅಲ್ಲ.

"ನಿಂಗೆಂಗ್ ಗೊತ್ತು?"

"ನಾನು ನೋಡಿದ್ದೆ."

"ಯಾವಾಗ?"

"ಅಪ್ಪಾಜಿ ಇದ್ದಾಗ್ಲೇ."

"ಇನ್ನ ಎಷ್ಟು ದಿನ ಇತ್ತು ಅವರಿಗೆ?"

"ಒಂಬತ್ತು."

ತಾಯಿ ಅವಳ ಮುಖ ನೋಡಲಿಲ್ಲ. ಸೆರಗಿನ ಗಂಟು ಬಿಚ್ಚತೊಡಗಿದರು. ಒಂದು ಬಿಚ್ಚಿತು. ಇನ್ನೊಂದು ಬಿಚ್ಚಿತು. ಮೂರನೆಯದು ಬಿಗಿದುಕೊಂಡಿತ್ತು, ಹಲ್ಲಿಗೆ ಹಾಕಿ ಎಳೆದರು, ಬರಲಿಲ್ಲ. ಹೊರಗೆ ತೋಟದಲ್ಲಿ ಮೋಟರು ಓಡುತ್ತಲೇ ಇತ್ತು.

"ಬಟ್ಟೆ ಕೊಡೋಗು," ಎಂದರು ಕೊನೆಗೆ. "ಅವನ ಗೆಣೆಕಾರ ಬರಗಂಟ ಹತ್ರಾನೇ ಕೂತ್ಕ. ಕೈ ಬಿಡಬ್ಯಾಡ. ಈಗ್ಲೇ ನಾನು ಬರಕ್ಕಾಗಕಿಲ್ಲ."

ಮೇಘಶ್ರೀ ಹೊಸಿಲು ದಾಟುವಾಗ ಹಿಂದೆ ಟಕ್ ಎನ್ನುವ ಸದ್ದಿಗೆ ಕಾದಳು. ಕೇಳಿಸಲಿಲ್ಲ. ತಿರುಗಿ ನೋಡಿದರೆ, ತಾಯಿ ಕರಡಿಗೆಯ ಎರಡು ಹೋಳನ್ನೂ ಬೇರೆ ಬೇರೆಯಾಗಿಯೇ ಕರವಸ್ತ್ರದಲ್ಲಿ ಸುತ್ತುತ್ತಿದ್ದರು, ಅಂಗಳದವರೆಗೆ ಸದ್ದು ಹೋಗದ ಹಾಗೆ.