ಪರದೆಯ ಆಚೆ ಗಂಡಸರಿಗೆ ಪ್ರವೇಶವಿಲ್ಲ

ನಮ್ಮ ಬ್ಯೂಟಿ ಪಾರ್ಲರಿನಲ್ಲಿ ಪರದೆ ದಾಟಿ ಗಂಡಸರು ಬರುವಂತಿಲ್ಲ. ಗಂಡನಿರಲಿ, ಅಪ್ಪನಿರಲಿ, ಹೊರಗಿನ ಬೆಂಚೇ ಗತಿ. ಇದನ್ನು ನೋಡಿಯೇ ಬೀದಿಯ ಮಹಿಳಾ ಸಂಘದವರು ಪರದೆಯ ಒಳಗೆ ತಮ್ಮ ಸಹಾಯವಾಣಿಯ ನಂಬರು ಅಂಟಿಸಿದ್ದರು. ಹೆಣ್ಣುಮಕ್ಕಳನ್ನು ಮಾರುವವರು ಮೊದಲು ಸಿಂಗಾರಕ್ಕೆ ಕರೆತರುತ್ತಾರೆ, ಕಣ್ಣಿಟ್ಟಿರಿ ಎಂದಿದ್ದರು. ಅಂದಿನಿಂದ ಅನುಮಾನವೇ ನನ್ನ ಕಸುಬಾಯಿತು. ಎಷ್ಟೋ ಜನ ಅಸಲಿ ಸೋದರಮಾವಂದಿರನ್ನೂ ನಾನು ದುರುಗುಟ್ಟಿ ನೋಡಿದ್ದೇನೆ.

ಆ ಮಧ್ಯಾಹ್ನ ಬಂದವನು ಬಾಯಿತುಂಬ ನಗುತ್ತಿದ್ದ, ಜೊತೆಗೊಬ್ಬಳು ಹುಡುಗಿ.

“ನಮ್ಮಣ್ಣನ ಮಗಳು. ನಾಳೆ ಕೆಲಸಕ್ಕೆ ಸೇರ್ತಾಳೆ. ಚೆನ್ನಾಗಿ ಕಾಣೋ ಹಾಗೆ ಮಾಡಿ.”

“ಏನಮ್ಮ ಹೆಸರು?” ನಾನು ಕೇಳಿದ್ದು ಅವಳನ್ನು, ಹೇಳಿದ್ದು ಅವನು. ಕೂದಲು ಎಷ್ಟು ಕತ್ತರಿಸಬೇಕೆಂದೂ ಅವನೇ ಹೇಳಿದ. ಅವಳು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು. ಅದು ಅವಳ ಅಳತೆಯದಲ್ಲ.

ಹೋದ ವರ್ಷ ಇಂಥವನೊಬ್ಬನ ಎದುರಿಗೇ, “ಇವನು ನಿನಗೇನಾಗ್ಬೇಕು?” ಎಂದು, ತಲೆ ತೊಳೆಸಿಕೊಂಡು ಪರದೆಯಾಚೆ ಬಂದ ಒಬ್ಬಳನ್ನು ಕೇಳಿ ಕೆಟ್ಟಿದ್ದೆ. ಅವನು ಅವಳನ್ನು ಒದ್ದೆ ತಲೆಯಲ್ಲೇ ಎಳೆದುಕೊಂಡು ಹೋದ. ಆಮೇಲೆ ಅವಳ ಸುಳಿವೇ ಸಿಗಲಿಲ್ಲ. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ. ಈ ಸಲ ಬಾಯಿಗೆ ಬೀಗ ಹಾಕಿಕೊಂಡೆ.

ಅವಳನ್ನು ಪರದೆಯ ಒಳಗೆ ಕರೆದೊಯ್ದು ತಲೆ ತೊಳೆಯುವ ಬೇಸಿನ್ನಿಗೆ ಒರಗಿಸಿ, ಹೊರಗೆ ಮಾತು ಕೇಳದಂತೆ ನಲ್ಲಿ ಜೋರಾಗಿ ಬಿಟ್ಟು ತಲೆ ಸವರಿದೆ.

“ನಿಜವಾಗ್ಲೂ ಚಿಕ್ಕಪ್ಪನಾ? ಹೆದರ್ಬೇಡ ಕಣೇ, ಅಕ್ಕ ಇದೀನಿ.”

ಅವಳು ತಟ್ಟನೆ ಕಣ್ಣು ಬಿಟ್ಟಳು. “ಇವನ ಕೈಗೆ ನನ್ನನ್ನ ಕೊಟ್ಟಿದ್ದೂ ಒಬ್ಬ ಅಕ್ಕನೇ. ಹೀಗೇ ತಲೆ ಸವರಿದ್ಲು.”

ನನ್ನ ಕೈ ಅಲ್ಲೇ ನಿಂತಿತು. ಸಿಟ್ಟು ಬಂತು, ನನ್ನನ್ನೂ ಆ ಸಾಲಿಗೆ ಸೇರಿಸುವುದೇ? ಬೆನ್ನಿಗೇ ನಾಚಿಕೆಯಾಯಿತು. ನನ್ನ ಫೋನನ್ನು ಅವಳ ಕೈಗಿಟ್ಟು ಗೋಡೆ ತೋರಿಸಿದೆ. “ನಂಬರ್ ಅಲ್ಲಿದೆ. ನೀನೇ ಮಾತಾಡು. ಹಿಂದಿನ ಬಾಗಿಲು ತೆಗೆದೇ ಇದೆ.”

“ನೀವು ಹೊರಗೆ ಹೋಗಿ.”

ನನ್ನ ಅಂಗಡಿಯಿಂದ ನನ್ನನ್ನೇ ಆಚೆ ಹಾಕಿದಳು! ಬಂದು ಅವನ ಪಕ್ಕ ಬೆಂಚಿನ ಮೇಲೆ ಕೂತೆ.

ಅವನ ನಗು ಮಾಯವಾಯಿತು. “ನೀವ್ಯಾಕೆ ಇಲ್ಲಿ ಕೂತ್ರಿ?”

“ಬಣ್ಣ ಹಚ್ಚಿದೀನಿ, ಒಣಗ್ಬೇಕು. ಅಂದಹಾಗೆ ನಿಮ್ಮ ನೆತ್ತೀಲೂ ಕೂದಲು ಉದುರ್ತಿದೆಯಲ್ಲ?” ಬೊಕ್ಕತಲೆಯ ಮಾತೆತ್ತಿದರೆ ಎಂಥ ಗಂಡಸೂ ಒಂದು ಗಳಿಗೆ ಮೈಮರೆಯುತ್ತಾನೆ. ಸಂಘದವರು ಕಳಿಸಿದ ಪೊಲೀಸರು ಬಾಗಿಲಿಗೆ ಬಂದಾಗ ಅವನು ಕನ್ನಡಿ ನೋಡುತ್ತಿದ್ದ.

ಹಿಂದಿನ ಓಣಿಯಲ್ಲಿ ಹುಡುಗಿ, ಸಂಘದ ಇಬ್ಬರು ಹೆಂಗಸರ ನಡುವೆ ಒದ್ದೆ ತಲೆಯಲ್ಲೇ ನಿಂತಿದ್ದಳು. ನನ್ನತ್ತ ನೋಡಲಿಲ್ಲ. ಸಂಘದವರು ಆಮೇಲೆ ಹೇಳಿದರು, ಫೋನಿನಲ್ಲಿ ಅವಳು ಮೊದಲು ಕೇಳಿದ್ದೇ, “ಈ ಪಾರ್ಲರ್‌ನವಳು ಅವನ ಕಡೆಯವಳಾ?” ಎಂದು. ಮೂರು ಸಲ ಕೇಳಿದಳಂತೆ.

ಕೇಳಲಿ. ಹೋದ ವರ್ಷದವಳಿಗೂ ಒಂದು ಫೋನು ಕೊಟ್ಟು ನಾನು ಆಚೆ ಬಂದಿದ್ದರೆ ಸಾಕಿತ್ತು.