ಪೂರ್ತಿ ಹೆಸರು ಕರೆಯುವ ಶೇಖರಣ್ಣ

ಕುಷ್ಟನನ್ನು ಕೃಷ್ಣಮೂರ್ತಿ ಎಂದೂ, ಮೀನಿನ ಬುಟ್ಟಿ ಹೊತ್ತು ಬರುವ ಪದ್ದುವನ್ನು ಪದ್ಮಾವತಿಯವರೇ ಎಂದೂ ಕರೆಯುವವರು ನಮ್ಮ ಕೋಡಿಯಲ್ಲಿ ಒಬ್ಬರೇ, ಸೇನೆಯಿಂದ ನಿವೃತ್ತರಾದ ಹವಾಲ್ದಾರ್ ಶೇಖರಣ್ಣ. ಹೆಸರನ್ನು ಮೊಟಕುಗೊಳಿಸಿಯೇ ಪ್ರೀತಿ ತೋರುವ ಈ ಊರಿನಲ್ಲಿ, ಮರಳಿನ ಮೇಲೂ ಪಾಲಿಶ್ ಮಾಡಿದ ಬೂಟು ತೊಟ್ಟು ಕವಾಯತಿನ ಹೆಜ್ಜೆ ಹಾಕುತ್ತ, ಒಂದೊಂದು ಅಕ್ಷರವನ್ನೂ ಗೌರವದಿಂದ ಉಚ್ಚರಿಸುವ ಅವರ ಪದ್ಧತಿ ಎಲ್ಲರಿಗೂ ನಗೆಯ ವಸ್ತು.

"ಹ್ವಾಯ್, ಹಾಂಗ್ ಕರಿಬೇಡಿ ಮಾರಾಯ್ರೆ, ರೇಶನ್ ಅಂಗ್ಡಿ ಸಾಲಲ್ ನಿಂತಾಂಗ್ ಆತ್ತ್!" ಎಂದು ಪದ್ದು ಗೋಗರೆಯುತ್ತಾಳೆ. ಅವರು ಬದಲಾಗುವುದಿಲ್ಲ. ನಾವೆಲ್ಲ ಅನಿ ಎನ್ನುವ ನನ್ನ ಎಂಟು ತಿಂಗಳ ಮಗಳನ್ನೂ 'ಅನಿಷಾ' ಎಂದೇ ಸಂತೈಸುತ್ತಾರೆ.

ಇದರ ಮೂಲ ತಿಳಿದದ್ದು ಕಳೆದ ಮಾರ್ಚಿನಲ್ಲಿ. ಅವರ ಬಳಿ ಓಟದ ತರಬೇತಿ ಪಡೆದ ನನ್ನ ನಾದಿನಿ ನವ್ಯಶ್ರೀ ಸೇನೆಗೆ ಆಯ್ಕೆಯಾಗಿದ್ದಳು. ಅತ್ತೆ ಪುಷ್ಪ ಒಪ್ಪಲಿಲ್ಲ. ಹುಡುಗಿ ಕಪ್ಪು, ಹಿಂದಿಯೂ ಬಾರದು. ಅಲ್ಲಿ ಯಾರೂ ಹೀಯಾಳಿಸುವುದಿಲ್ಲವೆಂದು ಶೇಖರಣ್ಣ ಬಂದು ಹೇಳಿದರಷ್ಟೇ ಕಳಿಸುವುದೆಂದು ಪಟ್ಟು ಹಿಡಿದರು. ಮಗು ಸೀನಿದರೂ ಗಾಬರಿಯಾಗುವ ನಾನು ಒಳಗೊಳಗೇ ಅತ್ತೆಯ ಪಕ್ಷ.

ಬಂದ ಶೇಖರಣ್ಣ 'ಹೀಯಾಳಿಸುವುದಿಲ್ಲ' ಎಂದಿದ್ದರೆ ಸಾಕಿತ್ತು. ಜಗುಲಿಯಲ್ಲಿ ಕುಳಿತು ಬೂಟಿನ ಲೇಸನ್ನು ಬಿಚ್ಚಿದರು, ಮತ್ತೆ ಕಟ್ಟಿದರು.

"ಹೀಯಾಳ್ಸ್ತ್ರ್, ಪುಷ್ಪಾವತಿಯವರೇ. ಎಲ್ಲರೂ ಅಲ್ಲ. ನಂಗೂ 'ಕಾಲಿಯಾ' ಅಂದಿರ್, ಕರಿಯ ಅಂತ. ನಾನೆಂತ ಮಾಡಿದೆ ಗೊತ್ತಿತ್ತಾ? ಅವ್ರೊಟ್ಟಿಗೆ ಸೇರಿ, ಮಿಜೋರಾಂ ಹುಡ್ಗನ್ನ 'ಚೀನಿ' ಅಂತ ಕರ್ದೆ."

ಆ ಹುಡುಗನೇ ಅವರಿಗೆ ವೈರ್‌ಲೆಸ್ ಸೆಟ್ ಕಲಿಸಿದವನು. ಮೇಲಿನ ತರಬೇತಿಗೆ ಒಬ್ಬನನ್ನು ಆರಿಸುವ ದಿನ, ಅವನ ಹಿಂದಿ ಸಾಲದೆಂದು ಯಾರೋ ಅಂದರಂತೆ. ಕೆಲಸ ಚೆನ್ನಾಗಿ ಬಲ್ಲವನು ಯಾರೆಂದು ಅಧಿಕಾರಿ ಇವರನ್ನೇ ಕೇಳಿದರು. ಇವರು ಸುಮ್ಮನಿದ್ದರು. ಅವಕಾಶ ಇವರಿಗೇ ಸಿಕ್ಕಿತು.

"ನಾನ್ ಹೊರ್ಡುವತಿಗೆ ಅವ ಕೈ ಕುಲುಕಿ, 'ಶೇಖರ್' ಅಂದ. ಅವ್ನ ಹೆಸ್ರ್ ನನ್ನ ಬಾಯಿಗ್ ಬರ್ಲಿಲ್ಲ." ಈಗ ಒಂದಕ್ಷರವೂ ಎಡವದೆ ಹೇಳಿದರು. "ಲಾಲ್‌ರಿನ್‌ಸಾಂಗ."

"ಇಷ್ಟೆಲ್ಲ ಹೇಳಿ, ಹೆಣ್ಣನ್ನ ಕಳ್ಸಿ ಅಂಬ್ರ್ಯಾ?" ಅತ್ತೆ ಕೇಳಿದರು.

"ಕಳ್ಸೂದ್ ನಿಮ್ಗ್ ಬಿಟ್ಟದ್ದ್. ಸುಳ್ ಹೇಳಿ ಕಳ್ಸುಕೆ ನನ್ನಿಂದ ಆತಿಲ್ಲ."

ಬಾಗಿಲಲ್ಲಿ ನಿಂತಿದ್ದ ನವ್ಯಶ್ರೀ ಅಂದಳು, "ಅಮ್ಮ, ನಾನ್ ಹೋತೆ. ಅಲ್ಲಿ ಯಾರಾರೂ ಒಬ್ರೇ ಕೂತಿರೆ ಮೊದ್ಲ್ ಹೆಸ್ರ್ ಕೇಣ್ತೆ."

ಅತ್ತೆ ಎದ್ದು ಒಳಗೆ ಹೋಗಿ, ಮಗಳಿಗೆಂದು ಒಣ ಚಟ್ಲಿ ಸೀಗಡಿಯನ್ನು ಡಬ್ಬಿಗೆ ತುಂಬತೊಡಗಿದರು.

ಕೆಲವರ ಸೌಜನ್ಯವನ್ನು ನಾವು ಹುಟ್ಟುಗುಣವೆಂದುಕೊಳ್ಳುತ್ತೇವೆ. ಎಂದೋ ಒಮ್ಮೆ ಹೇಳಬೇಕಾದ ಒಂದು ಹೆಸರನ್ನು ಹೇಳದೆ ಉಳಿದವರು, ಆಮೇಲೆ ಬದುಕಿಡೀ ಎದುರು ಬಂದವರನ್ನೆಲ್ಲ ಪೂರ್ತಿ ಹೆಸರಿನಿಂದ ಕರೆಯುತ್ತ ನಡೆಯುತ್ತಾರೆ.