ಪಿಶ್ಶ್ ಎನ್ನುವ ಕಾರು

ಆಸ್ಟ್ರೇಲಿಯಾದ ಅಡಿಲೇಡಿನ ಬ್ರೋಡಿಯ ಹಳೆಯ ಟರ್ಬೊ ಕಾರಿನಲ್ಲಿ ಎಸಿ ಸತ್ತು ಎಷ್ಟೋ ಕಾಲವಾಗಿತ್ತು. ಛಾವಣಿಯ ಬಟ್ಟೆ ಜೋತುಬಿದ್ದು ತಲೆ ಸವರುತ್ತಿತ್ತು. ಆದರೂ ಅವನು ಮೊದಲು ಹಾಕಿಸಿದ್ದು ಗೇರ್ ಬದಲಿಸಿದಾಗಲೆಲ್ಲ ಟರ್ಬೊದ ಗಾಳಿ ಹೊರಬಿಟ್ಟು 'ಪಿಶ್ಶ್' ಎಂದು ಊರಿಗೆಲ್ಲ ಸಾರುವ ವಾಲ್ವನ್ನು. ಊರು ಕೇಳಿತೋ ಇಲ್ಲವೋ, ಪೊಲೀಸರು ಕೇಳಿಸಿಕೊಂಡು ಗಾಜಿಗೆ ದೋಷದ ಚೀಟಿ ಅಂಟಿಸಿದರು. ಸದ್ದು ಅಡಗಿ ತಪಾಸಣೆಯಲ್ಲಿ ಪಾಸಾಗುವವರೆಗೆ ಕಾರು ಓಡಿಸುವಂತಿಲ್ಲ. ಸೋಮವಾರದಿಂದ ಮಾಂಸದ ಕಾರ್ಖಾನೆಯಲ್ಲಿ ಹೊಸ ಕೆಲಸ, ಅಲ್ಲಿಗೆ ಬಸ್ಸಿಲ್ಲ.

"ಹಳೇ ವಾಲ್ವ್ ಎಲ್ಲೋ?" ಅಕ್ಕ ಟೀಗನ್ ಕೇಳಿದಳು.

"ಮಾರ್ಬಿಟ್ಟೆ ಕಣೇ, ಇದನ್ನ ತಗೊಳ್ಳೋಕೆ."

"ಭೇಷ್. ಮೂಗು ಮಾರಿ ಮೂಗುತಿ ತಗೊಂಡಂಗಾಯ್ತು."

ಬ್ರೋಡಿ ಖಾಲಿ ಬಿಯರ್ ಡಬ್ಬಿಯನ್ನು ಕತ್ತರಿಸಿ, ವಾಲ್ವಿನ ಬಾಯಿಗೆ ಸುತ್ತಿ, ಕ್ಲಾಂಪ್ ಬಿಗಿದ. ಸದ್ದು ನಿಂತಿತು. ತಪಾಸಣೆಯವನು ಡಬ್ಬಿಯನ್ನು ಬಹಳ ಹೊತ್ತು ನೋಡಿ, "ಬ್ರ್ಯಾಂಡ್ ಚೆನ್ನಾಗಿದೆ" ಎಂದು ಚೀಟಿ ಕಿತ್ತು ಪಾಸು ಮಾಡಿ, ಡಬ್ಬಿಯ ಕಥೆಯನ್ನು ಪೊಲೀಸರಿಗೂ ಫೋನ್ ಮಾಡಿ ಹೇಳಿದ.

ಮನೆಗೆ ಹೋಗುವಾಗ ಬ್ರೋಡಿ ಗೇರ್ ಬದಲಿಸಿದ. ಕಾರು ಸಭ್ಯ ಅಜ್ಜಿಯಂತೆ ಸುಮ್ಮನಿತ್ತು. ಅವನಿಗೆ ತಡೆಯಲಾಗಲಿಲ್ಲ. ಸಿಗ್ನಲ್ಲಿನಲ್ಲಿ ನಿಂತು, ಕಿಟಕಿಯಿಂದ ತಲೆ ಹೊರಹಾಕಿ, ತಾನೇ ಬಾಯಲ್ಲಿ 'ಪಿಶ್ಶ್' ಎಂದ.

ಪಕ್ಕದಲ್ಲಿ ನಿಂತಿದ್ದು ಪೊಲೀಸ್ ಕಾರು. ಚೀಟಿ ಅಂಟಿಸಿದ್ದ ಅದೇ ಪೊಲೀಸಪ್ಪ ಗಾಜು ಇಳಿಸಿದ.

"ಏನ್ ಗುರು, ಬಾಯಿಗೂ ಒಂದು ಚೀಟಿ ಅಂಟಿಸ್ಲಾ?"

"ಬೇಡ ಸಾರ್, ಸೋಮವಾರ ಕೆಲ್ಸ ಇದೆ."

"ಹಂಗಾದ್ರೆ ಬಾಯಿಗೂ ಒಂದು ಡಬ್ಬಿ ಸುತ್ಕೋ."